ಶಾಲೆಯಿಂದ ಹೆಲ್ತ್ ಚೆಕಪ್ ಫಾರಂ ಬಂದಿದೆ, ಸಹಿ ಹಾಕಲೋ ಬೇಡವೋ?

ಬನಶಂಕರಿ ಅಮ್ಮ (ಸೋಮವಾರ ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ಮಗಳು ಮೂರನೇ ಕ್ಲಾಸು. ಇವತ್ತು ಡೈರಿಯೊಳಗೆ ಒಂದು ಫಾರಂ ಮಡಚಿಟ್ಟು ಕಳಿಸಿದ್ದಾರೆ. ಮುಂದಿನ ವಾರ ಶಾಲೆಯಲ್ಲಿ ಹೆಲ್ತ್ ಚೆಕಪ್ ಅಂತೆ. ಶುಕ್ರವಾರದೊಳಗೆ ಸಹಿ ಹಾಕಿ ಕೊಡಬೇಕು, ಜೊತೆಗೆ 850 ರೂಪಾಯಿ.

ಫಾರಂ ಪೂರ್ತಿ ಇಂಗ್ಲಿಷಿನಲ್ಲಿದೆ. ಒಟ್ಟು ಹನ್ನೊಂದು ಸಾಲು. ಎತ್ತರ, ತೂಕ, ಕಣ್ಣು, ಕಿವಿ, ಹಲ್ಲು, ಚರ್ಮ, ಎದೆ. ಇಲ್ಲಿಯವರೆಗೂ ಸರಿ. ಆಮೇಲೆ ರಕ್ತ ತೆಗೆದು ಹಿಮೋಗ್ಲೋಬಿನ್, ವಿಟಮಿನ್ ಡಿ, ಥೈರಾಯ್ಡ್ ನೋಡುತ್ತಾರಂತೆ. ಕೊನೆಯ ಸಾಲು ಮಾತ್ರ ಇರುವೆ ಸಾಲಿನಂಥ ಅಕ್ಷರದಲ್ಲಿದೆ. ಮಗುವಿನ ಮಾಹಿತಿಯನ್ನು ‘ಪಾಲುದಾರ ಸಂಸ್ಥೆ’ಗಳ ಜೊತೆ ಹಂಚಿಕೊಳ್ಳಲು ಒಪ್ಪಿದ್ದೇವೆ ಎಂದು. ಎಲ್ಲದಕ್ಕೂ ಸೇರಿಸಿ ಕೆಳಗೆ ಒಂದೇ ಸಹಿ.

ನನ್ನ ಹಿಂಜರಿಕೆಗೆ ಕಾರಣ ಹೋದ ವರ್ಷದ್ದು. ಆಗ ಬೇರೆ ಶಾಲೆಯಲ್ಲಿದ್ದಳು. ಚೆಕಪ್‌ಗೆ ಬಂದವರು ಇಡೀ ಕ್ಲಾಸನ್ನು ಸಾಲಾಗಿ ನಿಲ್ಲಿಸಿ ತೂಕ ನೋಡಿದರು. ಒಬ್ಬರು ಕೂಗಿ ಹೇಳುವುದು, ಇನ್ನೊಬ್ಬರು ಬರೆದುಕೊಳ್ಳುವುದು. ನಮ್ಮವಳು ಹತ್ತಿ ನಿಂತಾಗ "ಮೂವತ್ತು! ಮನೇಲಿ ಏನ್ ಊಟ ಹಾಕ್ತಾರಮ್ಮ ನಿಂಗೆ?" ಎಂದರಂತೆ. ಕ್ಲಾಸೆಲ್ಲ ನಕ್ಕಿತು. ಆವತ್ತಿನಿಂದ ಅವಳ ಹೆಸರು ಗುಂಡಮ್ಮ. ಡಬ್ಬಿಗೆ ಒಂದೇ ಚಪಾತಿ ಹಾಕು ಎಂದು ಹಠ ಹಿಡಿದಳು. ನಾನು ಕೇಳದೆ ಎರಡು ಹಾಕಿದರೆ ಒಂದನ್ನು ಬ್ಯಾಗಿನ ಸೈಡ್ ಜೇಬಿಗೆ ತುರುಕುತ್ತಿದ್ದಳು. ಒಂದು ಭಾನುವಾರ ಬ್ಯಾಗ್ ಒಗೆಯಲು ತೆಗೆದಾಗ ಒಣಗಿ ಹಪ್ಪಳದಂತಾದ ಚೂರುಗಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಉದುರಿದವು. ಅದನ್ನು ನೋಡಿ ನನಗೆ ಅಳು ಬಂತು.

ನಮ್ಮ ಯಜಮಾನರು "ಬೇಡ ಅಂತ ಬರೆದು ಕಳಿಸು, ನಮ್ಮ ಡಾಕ್ಟರ್ ಇದ್ದಾರಲ್ಲ" ಎನ್ನುತ್ತಾರೆ. ಅತ್ತೆ "ಎಲ್ಲ ಮಕ್ಕಳಿಗೂ ಮಾಡುವಾಗ ನಮ್ಮದೊಂದನ್ನೇ ಯಾಕೆ ಬಿಡಬೇಕು" ಎನ್ನುತ್ತಾರೆ. ನಿಮ್ಮ ಮನೆಗಳಲ್ಲಿ ಏನು ಮಾಡುತ್ತೀರಿ?

ಆಟೋ ಅಣ್ಣ (9:52)

850ಆ? ನನ್ನ ಮಗನ ಶಾಲೆಯಲ್ಲಿ ಒಂದು ರೂಪಾಯಿ ತೆಗೆದುಕೊಂಡಿಲ್ಲ. ಸರ್ಕಾರಿ ಶಾಲೆ ಅಕ್ಕ. ಡಾಕ್ಟರೇ ಗಾಡಿ ಮಾಡಿಕೊಂಡು ಬರುತ್ತಾರೆ.

ಬೇಡ ಎಂದವಳು (10:05)

ನಾನು ಮೂರು ವರ್ಷದಿಂದ ಬೇಡ ಎಂದೇ ಬರೆಯುತ್ತಿದ್ದೇನೆ. ಆಕಾಶ ತಲೆ ಮೇಲೆ ಬಿದ್ದಿಲ್ಲ. ಮೊದಲ ವರ್ಷ ಒಪ್ಪಿದ್ದೆ. ಮಗನ ಹಲ್ಲಿನಲ್ಲಿ ಹುಳುಕು ಇದೆ ಎಂದು ಕಾರ್ಡಿನಲ್ಲಿ ಬಂತು, ಜೊತೆಗೆ ಒಂದು ಡಿಸ್ಕೌಂಟ್ ಕೂಪನ್. ಆಮೇಲೆ ದೀಪಾವಳಿವರೆಗೂ ಫೋನು. "ಮೇಡಂ, ಅಪಾಯಿಂಟ್‌ಮೆಂಟ್ ಬುಕ್ ಮಾಡ್ಲಾ?" ನನ್ನ ನಂಬರ್ ಅವರಿಗೆ ಕೊಟ್ಟವರು ಯಾರು? ಶಾಲೆಯನ್ನು ಕೇಳಿದರೆ ನಾವಲ್ಲ ಎಂದರು. ಕ್ಯಾಂಪ್ ನಡೆಸಿದವರೂ ನಾವಲ್ಲ ಎಂದರು. ಹಾಗಾದರೆ ಹಲ್ಲಿನ ಹುಳುವೇ ಕೊಟ್ಟಿರಬೇಕು.

ಯಲಹಂಕದ ಅಪ್ಪ (10:31)

ಮೇಡಂ, ನಾನೂ ‘ಬೇಡ’ ಎಂದು ಬರೆದವನೇ. ಆ ಕಥೆ ಹೇಳುತ್ತೇನೆ, ಕೇಳಿ.

ಮಗನಿಗೆ ನೆಗಡಿಯಾದರೂ ನಮ್ಮ ಮಕ್ಕಳ ಡಾಕ್ಟರ್ ಹತ್ತಿರ ಓಡುವವರು ನಾವು. ಹಾಗಾಗಿ ಯುಕೆಜಿಯಲ್ಲೂ ಒಂದನೇ ಕ್ಲಾಸಿನಲ್ಲೂ ಶಾಲೆಯ ಚೆಕಪ್ ಬೇಡ ಎಂದೆ. ಎರಡನೇ ಕ್ಲಾಸಿನಲ್ಲಿ ಫಾರಂ ಬಂದಾಗ ನಾನು ಊರಲ್ಲಿರಲಿಲ್ಲ, ಹೆಂಡತಿ ಸಹಿ ಹಾಕಿಬಿಟ್ಟಳು. ಸಂಜೆ ಕಾರ್ಡ್ ಬಂತು. ಬಲಗಣ್ಣು 6/6, ಎಡಗಣ್ಣು 6/24. 6/6 ಎಂದರೆ ದೃಷ್ಟಿ ಸರಿಯಿದೆ ಎಂದು, ಕೆಳಗಿನ ಅಂಕಿ ದೊಡ್ಡದಾದಷ್ಟೂ ಮಸುಕು. ನಾನು ನಂಬಲಿಲ್ಲ. ಹುಡುಗ ಕ್ರಿಕೆಟ್ ಆಡುತ್ತಾನೆ, ಬೋರ್ಡ್ ಮೇಲಿನದ್ದನ್ನು ಬರೆದುಕೊಳ್ಳುತ್ತಾನೆ, ಟಿವಿ ಹತ್ತಿರ ಹೋಗಿ ಕೂರುವುದೂ ಇಲ್ಲ. ಮನೆಯ ಗೋಡೆಗೆ ಕ್ಯಾಲೆಂಡರ್ ತೂಗುಹಾಕಿ, ಅವನ ಬಲಗಣ್ಣಿಗೆ ನನ್ನ ಅಂಗೈ ಮುಚ್ಚಿ ಓದು ಎಂದೆ. ತಿಂಗಳ ಹೆಸರನ್ನಷ್ಟೇ ಹೇಳಿದ. ತಾರೀಖು ಕೇಳಿದರೆ ಸುಮ್ಮನಾದ. ಆಮೇಲೆ ಮೆಲ್ಲಗೆ "ಅಪ್ಪ, ಈ ಕಣ್ಣು ಯಾವಾಗ್ಲೂ ಹೀಗೇ ಅಲ್ವಾ?" ಎಂದ. ಎಲ್ಲರಿಗೂ ಒಂದು ಕಣ್ಣು ಹಾಗೇ ಇರುತ್ತದೆ ಎಂದುಕೊಂಡಿದ್ದ ಪಾಪ.

ಇದಕ್ಕೆ ಸೋಮಾರಿ ಕಣ್ಣು ಎನ್ನುತ್ತಾರೆ. ಒಂದು ಕಣ್ಣು ಚೆನ್ನಾಗಿದ್ದರೆ ಮೆದುಳು ಅದನ್ನೇ ನೆಚ್ಚಿಕೊಂಡು ಇನ್ನೊಂದನ್ನು ಕೈಬಿಡುತ್ತದೆ. ಮಗುವಿಗೆ ನೋವಿಲ್ಲ, ದೂರಿಲ್ಲ. ಏಳೆಂಟು ವರ್ಷದೊಳಗೆ ಸಿಕ್ಕಿದರೆ ಸರಿಪಡಿಸುವುದು ಸುಲಭ. ತಡವಾದಷ್ಟೂ ಕಷ್ಟ. ನಮಗೆ ಏಳರಲ್ಲಿ ಸಿಕ್ಕಿತು. ಕನ್ನಡಕ, ಜೊತೆಗೆ ಒಳ್ಳೆಯ ಕಣ್ಣನ್ನು ಮುಚ್ಚಲು ದಿನಾ 2 ಗಂಟೆ ಪ್ಯಾಚ್. ಒಂದು ವರ್ಷ ದಿನಾ ಸಂಜೆ ಮನೆಯಲ್ಲಿ ಯುದ್ಧ. ಈಗ ಎಡಗಣ್ಣು 6/12ಕ್ಕೆ ಬಂದಿದೆ.

ನೆಗಡಿಗೆಂದು ಹೋದಾಗ ಯಾವ ಡಾಕ್ಟರೂ ಒಂದೊಂದೇ ಕಣ್ಣು ಮುಚ್ಚಿಸಿ ಓದಿಸುವುದಿಲ್ಲ. ನಮ್ಮ ಡಾಕ್ಟರ್ ಇದ್ದಾರಲ್ಲ ಎಂದು ನಾನೂ ಅಂದುಕೊಂಡಿದ್ದೆ.

ಬೇಡ ಎಂದವಳು (10:44)

ಓದಿ ಹೊಟ್ಟೆಯಲ್ಲಿ ಒಂಥರಾ ಆಯಿತು. ಕಣ್ಣಿಗೆ ನಾಳೆಯೇ ಕರೆದುಕೊಂಡು ಹೋಗುತ್ತೇನೆ, ಆದರೆ ನಾನೇ ಕರೆದುಕೊಂಡು ಹೋಗುತ್ತೇನೆ. ಫಾರಂಗೆ ಸಹಿ ಮಾತ್ರ ಹಾಕುವುದಿಲ್ಲ.

ಯಲಹಂಕದ ಅಪ್ಪ (10:46)

ಅದೂ ಸರಿ ಮೇಡಂ. ಹೋಗಿ ಬನ್ನಿ. ಮಿಂಟೋ ಕಣ್ಣಾಸ್ಪತ್ರೆಯೂ ಇದೆ. 1896ರಿಂದ ನಡೆಯುತ್ತಿರುವ ಸರ್ಕಾರಿ ಆಸ್ಪತ್ರೆ. ಬೆಳಗ್ಗೆ ಬೇಗ ಹೋಗಿ.

ಸರ್ಕಾರಿ ಶಾಲೆ ಮೇಡಂ (ಮಂಗಳವಾರ ಬೆಳಗ್ಗೆ 6:15)

ಆಟೋ ಅಣ್ಣ ಹೇಳಿದ ಗಾಡಿಯ ಬಗ್ಗೆ ಬರೆಯುತ್ತೇನೆ. ಅದು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ. ನಮ್ಮ ಸ್ಟಾಫ್ ರೂಮಿನಲ್ಲಿ "ಆರ್‌ಬಿಎಸ್‌ಕೆಯವರು ಬಂದರು" ಎಂದರೆ ಸಾಕು, ಹಾಜರಿ ಪುಸ್ತಕ ಹುಡುಕಲು ಓಡುತ್ತೇವೆ. 2013ರಲ್ಲಿ ಶುರುವಾಗಿದ್ದು. ಹುಟ್ಟಿನಿಂದ 18 ವರ್ಷದವರೆಗೆ. ತಂಡದಲ್ಲಿ ಇಬ್ಬರು ಆಯುಷ್ ಡಾಕ್ಟರು ಇರಬೇಕು, ಒಬ್ಬ ಗಂಡಸು, ಒಬ್ಬ ಹೆಂಗಸು. ಜೊತೆಗೆ ಒಬ್ಬ ನರ್ಸ್, ಒಬ್ಬ ಫಾರ್ಮಸಿಸ್ಟ್. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಒಂದು ಸಲ. ಹುಟ್ಟಿನಿಂದ ಬಂದ ದೋಷ, ಪೌಷ್ಟಿಕಾಂಶದ ಕೊರತೆ, ಕಾಯಿಲೆ, ಬೆಳವಣಿಗೆಯಲ್ಲಿ ಹಿಂದುಳಿಯುವುದು, ಈ ನಾಲ್ಕನ್ನು ನೋಡುತ್ತಾರೆ. ಹೆಚ್ಚಿನ ಚಿಕಿತ್ಸೆ, ಆಪರೇಷನ್ ಬೇಕಾದರೂ ದುಡ್ಡು ಕೊಡಬೇಕಿಲ್ಲ.

ಕಾಗದದ ಮೇಲೆ ಇದು ತುಂಬ ಚೆಂದ. ನೆಲದ ಮೇಲೆ ಹೇಗೆ ಎಂದು ಒಂದು ಉದಾಹರಣೆ ಕೊಡುತ್ತೇನೆ.

ನನ್ನ ಕ್ಲಾಸಿನಲ್ಲಿ ಒಂದು ಹುಡುಗಿ, ನಾಲ್ಕನೇ ಕ್ಲಾಸು. ಕರೆದರೆ ತಿರುಗುವುದಿಲ್ಲ. ಉಕ್ತಲೇಖನದಲ್ಲಿ ‘ಮರ’ ಎಂದರೆ ‘ಬರ’ ಎಂದು ಬರೆಯುತ್ತಾಳೆ. ಗಮನ ಇಲ್ಲ ಎಂದು ನಾನೇ ಎಷ್ಟು ಸಲ ಗದರಿದ್ದೇನೋ. ತಂಡದ ಡಾಕ್ಟರಮ್ಮ ಕಿವಿಗೆ ಟಾರ್ಚ್ ಬಿಟ್ಟು ನೋಡಿದವರು ನನ್ನನ್ನು ಕರೆದರು. ಎರಡೂ ಕಿವಿ ಸೋರುತ್ತಿತ್ತು. ಅಜ್ಜಿ ಬಿಸಿ ಎಣ್ಣೆ ಬಿಟ್ಟು ಹತ್ತಿ ತುರುಕಿದ್ದರು. ಒಂದು ಹತ್ತಿ ಉಂಡೆ ಯಾವ ಕಾಲದ್ದೋ ಒಳಗೇ ಉಳಿದಿತ್ತು.

ಆಸ್ಪತ್ರೆಗೆ ರೆಫರಲ್ ಚೀಟಿ ಕೊಟ್ಟರು. ಚೀಟಿ ಕೊಟ್ಟರೆ ಕಿವಿ ವಾಸಿಯಾಗುತ್ತದೆಯೇ? ತಾಯಿ ಗಾರ್ಮೆಂಟ್ಸ್‌ಗೆ ಹೋಗುವವರು. ರಜೆ ಹಾಕಿದರೆ ಸಂಬಳ ಕಟ್. ತಂದೆ ಇಲ್ಲ. ಮೂರು ವಾರ ಆ ಚೀಟಿ ಜಾಮಿಟ್ರಿ ಬಾಕ್ಸಿನಲ್ಲೇ ಇತ್ತು. ಕೊನೆಗೆ ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ನಾನೇ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಓಪಿಡಿ ಮುಚ್ಚಿತ್ತು. ಸೋಮವಾರ ಸಿ.ಎಲ್. ಹಾಕಿ ಮತ್ತೆ ಹೋದೆವು. ಈಗ ಅವಳು ಮುಂದಿನ ಬೆಂಚು, ಮಾತು ನಿಲ್ಲಿಸುವುದೇ ಇಲ್ಲ. ಅದಕ್ಕೂ ಗದರುತ್ತೇನೆ ಅನ್ನಿ.

ಬನಶಂಕರಿಯವರೇ, ನಿಮ್ಮ ಶಾಲೆಯನ್ನು ಇದೊಂದನ್ನು ಕೇಳಿ. ಏನಾದರೂ ಸಿಕ್ಕಿದರೆ ಮುಂದೆ ಯಾರು ನೋಡಿಕೊಳ್ಳುತ್ತಾರೆ? ಕಾರ್ಡ್ ಕೈಗೆ ಕೊಟ್ಟು ಕೈ ತೊಳೆದುಕೊಳ್ಳುತ್ತಾರೋ, ಎರಡು ತಿಂಗಳಾದ ಮೇಲೆ "ತೋರಿಸಿದಿರಾ" ಎಂದು ಒಬ್ಬರಾದರೂ ಕೇಳುತ್ತಾರೋ?

ಕೆಂಗೇರಿ ಚಿಕ್ಕಮ್ಮ (7:02)

ಮೇಡಂ, ಜಂತುಹುಳು ಮಾತ್ರೆಗೂ ಇದೇ ತರಹ ಸಹಿ ಬೇಕಾ? ನನ್ನ ಅಕ್ಕನ ಮಗ ಕಳೆದ ಸಲ ನುಂಗದೆ ಕಿಟಕಿಯಿಂದ ಎಸೆದನಂತೆ.

ಸರ್ಕಾರಿ ಶಾಲೆ ಮೇಡಂ (7:20)

ಅದು ಬೇರೆ. ಫೆಬ್ರವರಿ 10, ಆಗಸ್ಟ್ 10 ಜಂತುಹುಳು ನಿವಾರಣಾ ದಿನ. 2015ರಿಂದ ನಡೆಯುತ್ತಿದೆ. ಅಲ್ಬೆಂಡಜೋಲ್ 400 ಮಿ.ಗ್ರಾಂ., ಎರಡು ವರ್ಷ ದಾಟಿದವರಿಗೆ ಒಂದು ಮಾತ್ರೆ, ಒಂದರಿಂದ ಎರಡು ವರ್ಷದ ಮಗುವಿಗೆ ಅರ್ಧ. ಅದನ್ನು ನುಂಗುವುದಲ್ಲ, ಚೀಪಿ ಅಗಿದು ತಿನ್ನಬೇಕು. ನಮ್ಮೆದುರೇ ತಿನ್ನಿಸಬೇಕು ಎಂದು ನಿಯಮ, ಕಿಟಕಿ ಇದೆ ಎಂದು ಅವರಿಗೂ ಗೊತ್ತು! ಆವತ್ತು ಜ್ವರವಿದ್ದರೆ, ಬೇರೆ ಔಷಧಿ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ಬಿಟ್ಟುಹೋದವರಿಗೆ ಒಂದು ವಾರದ ಮೇಲೆ ಮತ್ತೆ ಕೊಡುತ್ತೇವೆ.

ವಾರಕ್ಕೊಂದು ಕಬ್ಬಿಣದ ಮಾತ್ರೆಯೂ ಇದೆ. ಚಿಕ್ಕವರಿಗೆ ಗುಲಾಬಿ ಬಣ್ಣ, ಹತ್ತು ವರ್ಷ ಮೇಲ್ಪಟ್ಟವರಿಗೆ ನೀಲಿ. ಖಾಲಿ ಹೊಟ್ಟೆಯಲ್ಲಿ ಕೊಡುವುದಿಲ್ಲ, ಊಟ ಆದ ಮೇಲೆ. ಮರುದಿನ ಕಕ್ಕ ಕಪ್ಪಗಾಯಿತು ಎಂದು ಗಾಬರಿಯಾಗಿ ಫೋನ್ ಮಾಡುವ ತಾಯಂದಿರೇ ಜಾಸ್ತಿ. ಅದು ಸಹಜ.

ಗಾಂಧಿ ಬಜಾರ್ ತಾತ (8:30)

ನಮ್ಮ ಕಾಲದಲ್ಲಿ ಫಾರಂ ಇಲ್ಲ, ಸಹಿ ಇಲ್ಲ. ಮೇಷ್ಟ್ರು "ನಾಲಿಗೆ ಚಾಚು" ಎಂದರೆ ಚಾಚುವುದು. ಒಂದೇ ಚಮಚ, ಒಂದೇ ಡೆಟಾಲ್ ಬೋಗುಣಿ, ನಲವತ್ತು ನಾಲಿಗೆ.

ಆದರೆ ಭಯದ ವಿಚಾರ ಬಂದಾಗ ನನಗೆ 2017 ನೆನಪಾಗುತ್ತದೆ. ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಆ ಫೆಬ್ರವರಿಯಲ್ಲಿ ಶುರುವಾಗಿದ್ದೇ ನಮ್ಮ ಬೆಂಗಳೂರಿನಿಂದ. ಮೊದಲ ಹಂತದಲ್ಲಿ ನಾವು, ತಮಿಳುನಾಡು, ಗೋವಾ, ಪುದುಚೇರಿ, ಲಕ್ಷದ್ವೀಪ. 9 ತಿಂಗಳಿಂದ 15 ವರ್ಷದೊಳಗಿನ ಮಕ್ಕಳಿಗೆಲ್ಲ. ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು "ಈ ಸೂಜಿ ಹಾಕಿಸಿದರೆ ಮುಂದೆ ಮಕ್ಕಳಾಗುವುದಿಲ್ಲ" ಎಂದು ಕಳಿಸಿದರು. ಅದನ್ನು ನಂಬಿ ನನ್ನ ತಂಗಿಯ ಸೊಸೆ ಮಗುವನ್ನು ಎರಡು ದಿನ ಶಾಲೆಗೇ ಕಳಿಸಲಿಲ್ಲ. ರುಬೆಲ್ಲಾ ಲಸಿಕೆ ಇರುವುದೇ ಮುಂದೆ ಹುಟ್ಟುವ ಕೂಸುಗಳನ್ನು ಕಾಪಾಡಲು ಎಂದು ಅವಳಿಗೆ ಹೇಳಿ ಒಪ್ಪಿಸಬೇಕಾದರೆ ನನ್ನ ಗಂಟಲು ಒಣಗಿತು. ಮೆಸೇಜ್ ಕಳಿಸಿದ ಮಹಾನುಭಾವರು ಈಗಲೂ ದಿನಾ ಬೆಳಗ್ಗೆ ಗುಲಾಬಿ ಹೂವು ಕಳಿಸುತ್ತಾರೆ.

ಕೋಡ್ ಬರೆಯುವವ (9:10)

ತಾತಾ, ನಿಮ್ಮ ಮಾತು ಒಪ್ಪಿದೆ. ಆದರೆ ಬನಶಂಕರಿ ಮೇಡಂ ಭಯ ಆ ತರಹದ್ದಲ್ಲ. ಹನ್ನೊಂದನೇ ಸಾಲನ್ನು ಗಮನಿಸಿ. ‘ಪಾಲುದಾರ ಸಂಸ್ಥೆ’ ಅಂದರೆ ಯಾರು? ಔಷಧಿ ಅಂಗಡಿಯೇ, ವಿಮೆ ಕಂಪನಿಯೇ, ಟ್ಯೂಷನ್ ಆ್ಯಪೇ?

2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಅದರ ಲೆಕ್ಕದಲ್ಲಿ 18 ತುಂಬದವರೆಲ್ಲ ಮಕ್ಕಳು. ಅವರ ಮಾಹಿತಿ ಬಳಸಲು ಅಪ್ಪ ಅಮ್ಮನ ಒಪ್ಪಿಗೆ ಬೇಕು. ಕೊಟ್ಟ ಒಪ್ಪಿಗೆಯನ್ನು ವಾಪಸ್ ಪಡೆಯಬಹುದು. ಮಕ್ಕಳನ್ನು ಗುರಿಯಿಟ್ಟು ಜಾಹೀರಾತು ಕಳಿಸುವಂತಿಲ್ಲ. ಒಪ್ಪಿಗೆ ಕೇಳುವ ಕಾಗದ ಕನ್ನಡದಲ್ಲಿ ಬೇಕು ಎಂದರೆ ಕೊಡಬೇಕು, ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಿಗೆಲ್ಲ ಆ ಅವಕಾಶ ಇದೆ. ಶಾಲೆ, ಆಸ್ಪತ್ರೆಗಳಿಗೆ ಕೆಲವು ವಿನಾಯಿತಿ ಇದೆ, ನಿಯಮಗಳು ಹಂತ ಹಂತವಾಗಿ ಜಾರಿಗೆ ಬರುತ್ತಿವೆ, ಅದು ನಿಜ. ಆದರೆ ಹಲ್ಲು ನೋಡುವುದಕ್ಕೂ ನಂಬರ್ ಹಂಚುವುದಕ್ಕೂ ಒಂದೇ ಸಹಿ ಕೇಳುವುದು ಯಾವ ನ್ಯಾಯ? ಆ ಸಾಲಿನ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿ. ಫೋಟೋ ತೆಗೆದಿಟ್ಟುಕೊಳ್ಳಿ.

ವಿಜಯನಗರ ವಾಸಿ (9:18)

ಆಧಾರ್ ಕೊಟ್ಟಾಯಿತು, ಪ್ಯಾನ್ ಕೊಟ್ಟಾಯಿತು, ಹಾಲು ತರಿಸುವ ಆ್ಯಪಿಗೆ ಮನೆ ನಕ್ಷೆಯನ್ನೇ ಕೊಟ್ಟಾಯಿತು. ಮಗುವಿನ ಹಲ್ಲಿನ ಹುಳುಕು ದೊಡ್ಡ ಗುಟ್ಟಾ?

ಕೋಡ್ ಬರೆಯುವವ (9:25)

ಸರ್, ಅವೆಲ್ಲ ನೀವು ನಿಮ್ಮದೇ ಕೊಟ್ಟಿದ್ದು. ಇದು ಮಗುವಿನದು. ನಾಳೆ ಅವಳಿಗೆ ಇಪ್ಪತ್ತೈದಾದಾಗ ಎಂಟನೇ ವಯಸ್ಸಿನ ಥೈರಾಯ್ಡ್ ರಿಪೋರ್ಟ್ ಯಾರ ಹತ್ತಿರ ಇರಬೇಕು ಎಂದು ಅವಳೇ ಹೇಳಲಿ.

ವಿಜಯನಗರ ವಾಸಿ (9:31)

ಸರಿ ಮಾರಾಯ, ಸೋತೆ. ಬೆಳಗ್ಗೆ ಬೆಳಗ್ಗೆ ಜಗಳ ಬೇಡ, ಕಾಫಿ ಆರಿಹೋಗುತ್ತಿದೆ.

ನಿವೃತ್ತ ಮಕ್ಕಳ ಡಾಕ್ಟರ್ (11:40)

ಇಷ್ಟು ಹೊತ್ತು ಓದುತ್ತಿದ್ದೆ. ಮೂವತ್ತು ವರ್ಷಕ್ಕಿಂತ ಜಾಸ್ತಿ ಮಕ್ಕಳನ್ನೇ ನೋಡಿದವನು. ಶಾಲೆಯ ಕ್ಯಾಂಪುಗಳಿಗೂ ಹೋಗಿದ್ದೇನೆ. ಎರಡು ಗಂಟೆಯಲ್ಲಿ ನೂರು ಮಕ್ಕಳನ್ನು ನೋಡಿದ್ದೂ ಇದೆ. ತಲೆಗೆ ಒಂದು ನಿಮಿಷ ಚಿಲ್ಲರೆ. ಅಷ್ಟರಲ್ಲಿ ರೋಗ ಪತ್ತೆಯಾಗುವುದಿಲ್ಲ, ಅನುಮಾನ ಹುಟ್ಟುತ್ತದೆ ಅಷ್ಟೇ. ಸ್ಕ್ರೀನಿಂಗ್ ಎಂದರೆ ಜರಡಿ ಹಿಡಿಯುವುದು. ಜರಡಿಯಲ್ಲಿ ನಿಂತದ್ದೆಲ್ಲ ಕಲ್ಲಲ್ಲ, ಕೆಳಗೆ ಬಿದ್ದದ್ದೆಲ್ಲ ಹಿಟ್ಟೂ ಅಲ್ಲ.

ಹಾಗಾದರೆ ಜರಡಿ ಬೇಡವೇ? ಬೇಕು. ಆದರೆ ಯಾವುದಕ್ಕೆ ಹಿಡಿಯಬೇಕು ಎಂದು ಗೊತ್ತಿರಬೇಕು. ಕಣ್ಣು, ಕಿವಿ, ಹಲ್ಲು, ಎತ್ತರ, ತೂಕ. ಇವಕ್ಕೆ ಸೂಜಿ ಬೇಡ, ಖರ್ಚಿಲ್ಲ, ಮಗು ತಾನಾಗಿ ಹೇಳುವುದೂ ಇಲ್ಲ. ಯಲಹಂಕದವರ ಮಗನೇ ಸಾಕ್ಷಿ. ಎತ್ತರವನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಐದು ವರ್ಷ ದಾಟಿದ ಮಗು ವರ್ಷಕ್ಕೆ ಸುಮಾರು 5-6 ಸೆಂ.ಮೀ. ಬೆಳೆಯಬೇಕು. 4ಕ್ಕಿಂತ ಕಡಿಮೆಯಾದರೆ ತೋರಿಸಬೇಕು. ಅದು ಗೊತ್ತಾಗುವುದು ಹೋದ ವರ್ಷದ ಕಾರ್ಡ್ ಪಕ್ಕದಲ್ಲಿಟ್ಟಾಗ ಮಾತ್ರ. ದಯವಿಟ್ಟು ಆ ಕಾರ್ಡುಗಳನ್ನು ಹಳೇ ಪೇಪರ್ ಜೊತೆ ಹಾಕಬೇಡಿ.

ರಕ್ತ ಪರೀಕ್ಷೆಗೆ ಬರುತ್ತೇನೆ. ಲ್ಯಾಬಿನ ‘ನಾರ್ಮಲ್’ ಎನ್ನುವ ಗಡಿಯನ್ನು ಸಾಮಾನ್ಯವಾಗಿ ಹೇಗೆ ಹಾಕುತ್ತಾರೆ ಗೊತ್ತಾ? ಆರೋಗ್ಯವಂತರನ್ನೇ ಪರೀಕ್ಷಿಸಿ, ನೂರರಲ್ಲಿ 95 ಮಂದಿ ಯಾವ ಅಂಕಿಗಳ ನಡುವೆ ಬರುತ್ತಾರೋ ಅದೇ ನಾರ್ಮಲ್. ಉಳಿದ 5 ಮಂದಿಗೆ ಕಾಯಿಲೆಯೇನೂ ಇರುವುದಿಲ್ಲ, ಗಡಿಯಾಚೆ ಇರುತ್ತಾರೆ ಅಷ್ಟೇ. ಒಂದಕ್ಕೊಂದು ಸಂಬಂಧವಿಲ್ಲದ ಮೂರು ಟೆಸ್ಟ್ ಮಾಡಿದರೆ ಆರೋಗ್ಯವಾಗಿರುವ ನೂರು ಮಕ್ಕಳಲ್ಲಿ ಸುಮಾರು 14 ಮಕ್ಕಳಿಗೆ ಯಾವುದಾದರೂ ಒಂದು ಗೆರೆ ದಪ್ಪ ಅಕ್ಷರದಲ್ಲಿ ಬರುತ್ತದೆ. ಇಪ್ಪತ್ತು ಟೆಸ್ಟಿನ ಪ್ಯಾಕೇಜ್ ಆದರೆ 64 ಮಕ್ಕಳಿಗೆ. ಆಮೇಲೆ ಇನ್ನೊಂದು ಟೆಸ್ಟ್, ಮತ್ತೊಬ್ಬ ಡಾಕ್ಟರ್, ತಾಯಿಗೆ ನಿದ್ದೆ ಇಲ್ಲ. ಕುಣಿದಾಡಿಕೊಂಡಿರುವ ಮಗುವಿಗೆ ಸುಮ್ನೆ ಥೈರಾಯ್ಡ್, ವಿಟಮಿನ್ ಡಿ ನೋಡುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಲಕ್ಷಣ ಇದ್ದರೆ ಮಾತು ಬೇರೆ.

ಹಿಮೋಗ್ಲೋಬಿನ್ ಮಾತ್ರ ನಾನು ಬೇಡ ಎನ್ನುವುದಿಲ್ಲ. ನಮ್ಮ ದೇಶದಲ್ಲಿ ರಕ್ತಹೀನತೆ ಅಷ್ಟು ಜಾಸ್ತಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ 67.1% ಮಂದಿಗೆ ಇತ್ತು. ಹಿಮೋಗ್ಲೋಬಿನ್ 5ರಿಂದ 11 ವರ್ಷದವರಿಗೆ 11.5 ಗ್ರಾಂ (100 ಮಿ.ಲೀ. ರಕ್ತಕ್ಕೆ), 12ರಿಂದ 14ರವರಿಗೆ 12, ಇದಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಆದರೆ ಬೆರಳು ಚುಚ್ಚಿ ತೆಗೆಯುವಾಗ ಹಿಂಡಿ ಹಿಂಡಿ ತೆಗೆದರೆ ರಕ್ತದ ಜೊತೆ ನೀರಿನಂಶವೂ ಸೇರಿ ಅಂಕಿ ಕಡಿಮೆ ತೋರಿಸುತ್ತದೆ. ಗಡಿಯ ಹತ್ತಿರ ಬಂದರೆ ಒಮ್ಮೆ ಲ್ಯಾಬಿನಲ್ಲಿ ನೋಡಿಸಿ.

ಎದೆಗೆ ಸ್ಟೆತಸ್ಕೋಪ್ ಇಟ್ಟು "ಮರ್ಮರ್ ಇದೆ", ಅಂದರೆ ಹೃದಯದ ಬಡಿತದ ಜೊತೆ ಇನ್ನೊಂದು ಸದ್ದು ಕೇಳುತ್ತದೆ, ಎಂದು ಬರೆದು ಕಳಿಸಿದರೆ ಅಳುತ್ತಾ ಕೂರಬೇಡಿ. ಮಕ್ಕಳಲ್ಲಿ ಏನೂ ತೊಂದರೆಯಿಲ್ಲದ ಮರ್ಮರ್ ಬಹಳ ಸಾಮಾನ್ಯ. ಒಮ್ಮೆ ತೋರಿಸಿ ಖಚಿತ ಮಾಡಿಕೊಂಡರಾಯಿತು.

ತಾತನವರಿಗೆ ಒಂದು ಮಾತು: ನಮ್ಮ ದೇಶದಲ್ಲಿ ಶಾಲಾ ಮಕ್ಕಳ ತಪಾಸಣೆ ಮೊದಲು ನಡೆದದ್ದು 1909ರಲ್ಲಿ, ಬರೋಡಾದಲ್ಲಿ. ಮೂವತ್ತೇಳು ವರ್ಷ ಕಳೆದು 1946ರಲ್ಲಿ ದೇಶದ ಆರೋಗ್ಯ ವ್ಯವಸ್ಥೆ ಪರಿಶೀಲಿಸಲು ನೇಮಿಸಿದ್ದ ಭೋರ್ ಸಮಿತಿ ವರದಿ ಬರೆದಾಗಲೂ ಶಾಲಾ ಆರೋಗ್ಯ ಸೇವೆ ದೇಶದಲ್ಲಿ ಇಲ್ಲವೆಂದೇ ಹೇಳಬಹುದಾದ ಸ್ಥಿತಿ. ನಿಮ್ಮ ಒಂದು ಚಮಚ ಅದಕ್ಕಿಂತ ಎಷ್ಟೋ ಮೇಲು.

ಗಾಂಧಿ ಬಜಾರ್ ತಾತ (11:55)

ಡಾಕ್ಟರೇ, ಆ ಚಮಚದ ರುಚಿ ಇನ್ನೂ ನಾಲಿಗೆಯಲ್ಲಿದೆ.

ಬನಶಂಕರಿ ಅಮ್ಮ (ಮಧ್ಯಾಹ್ನ 1:15)

ಎಲ್ಲರಿಗೂ ತುಂಬ ಥ್ಯಾಂಕ್ಸ್. ಡಾಕ್ಟರ್ ಸರ್, ತೂಕದ ವಿಚಾರ ಕೇಳಲೇ? ಹೋದ ವರ್ಷದ ಕಾರ್ಡಿನಲ್ಲಿ ಬಿಎಂಐ (ಎತ್ತರಕ್ಕೆ ತಕ್ಕ ತೂಕ ಇದೆಯೇ ಎನ್ನುವ ಲೆಕ್ಕ) ಪಕ್ಕದಲ್ಲಿ ಕೆಂಪು ಇಂಕಿನಲ್ಲಿ ಗುಂಡು ಸುತ್ತಿದ್ದಾರೆ. ನಾನು ಅದನ್ನು ಅವಳಿಗೆ ಕಾಣದಂತೆ ಬೀರುವಿನಲ್ಲಿ ಸೀರೆಯ ಕೆಳಗೆ ಇಟ್ಟಿದ್ದೇನೆ. ತೂಕದ ಸಾಲನ್ನೂ ಹೊಡೆದುಹಾಕಲೇ ಎನಿಸುತ್ತಿದೆ.

ನಿವೃತ್ತ ಮಕ್ಕಳ ಡಾಕ್ಟರ್ (1:40)

ಅಮ್ಮ, ದೊಡ್ಡವರ ಬಿಎಂಐ ಗಡಿ ಮಕ್ಕಳಿಗೆ ನಡೆಯುವುದಿಲ್ಲ. ಮಕ್ಕಳದನ್ನು ವಯಸ್ಸು, ಹೆಣ್ಣೋ ಗಂಡೋ ನೋಡಿ ಚಾರ್ಟ್ ಮೇಲೆ ಗುರುತು ಹಾಕಬೇಕು. 5ರಿಂದ 18 ವರ್ಷದವರಿಗೆ ಭಾರತೀಯ ಮಕ್ಕಳ ತಜ್ಞರ ಸಂಘದ 2015ರ ಚಾರ್ಟ್ ಇದೆ. ಆ ಕಾರ್ಡ್ ತೆಗೆದುಕೊಂಡು ನಿಮ್ಮ ಡಾಕ್ಟರ್ ಹತ್ತಿರ ಹೋಗಿ, ಚಾರ್ಟ್ ಮೇಲೆ ಚುಕ್ಕೆ ಇಡಿಸಿ. ಜಾಸ್ತಿಯೇ ಇರಬಹುದು, ಇರಲಿ, ಅದಕ್ಕೆ ಮನೆಮಂದಿಯೆಲ್ಲ ಸೇರಿ ಮಾಡುವ ದಾರಿ ಇದೆ. ಬೆಳೆಯುವ ಮಗುವಿಗೆ ಚಪಾತಿ ಕಸಿದುಕೊಳ್ಳುವುದು ದಾರಿಯಲ್ಲ.

ತೂಕದ ಸಾಲು ಹೊಡೆಯಬೇಡಿ. ಕೂಗುವುದನ್ನು ನಿಲ್ಲಿಸಿ. ತೂಕದ ಯಂತ್ರದ ಮುಂದೆ ಒಂದು ಪರದೆ ಹಾಕುವುದಕ್ಕೆ ಎಷ್ಟು ಹೊತ್ತು ಬೇಕು?

ಜಯನಗರದ ತಾಯಿ (2:20)

ಪರದೆ ವಿಷಯದಲ್ಲಿ ನನ್ನದೂ ಒಂದು ಸೇರಿಸಿ. ಮಗಳು ಎಂಟನೇ ಕ್ಲಾಸು. ಹುಡುಗರೂ ಇದ್ದ ಹಾಲ್‌ನಲ್ಲೇ ಮುಟ್ಟಿನ ಪ್ರಶ್ನೆ ಕೇಳಿದ್ದಾರೆ. ಅವಳು ಎಲ್ಲದಕ್ಕೂ ‘ನೋ’ ಎಂದು ಬಂದಳು. ಪ್ರತಿ ತಿಂಗಳು ಹೊಟ್ಟೆ ಹಿಡಿದುಕೊಂಡು ಮಲಗುವವಳು. ಅಂಥ ಚೆಕಪ್‌ನಲ್ಲಿ ಬರೆದದ್ದಕ್ಕೆ ಏನು ಬೆಲೆ? ಲೇಡಿ ಡಾಕ್ಟರ್ ಇರುತ್ತಾರಾ ಎಂದು ಮೊದಲೇ ಕೇಳಿ.

ಹಲ್ಲಿನ ಡಾಕ್ಟರಮ್ಮ (3:05)

‘ಬೇಡ ಎಂದವಳು’ ಅವರೇ, ಫೋನ್ ಕಾಟ ತಪ್ಪು, ಒಪ್ಪುತ್ತೇನೆ. ಆದರೆ ಹುಳುಕು ನಿಜವಾಗಿಯೂ ಇತ್ತಾ, ನೋಡಿಸಿದಿರಾ? ಆರನೇ ವರ್ಷಕ್ಕೆ ದವಡೆಯ ಹಿಂದೆ ಒಂದು ಹೊಸ ಹಲ್ಲು ಬರುತ್ತದೆ. ಯಾವ ಹಲ್ಲೂ ಬೀಳದೆ ಸುಮ್ಮನೆ ಬರುವುದರಿಂದ ಹಾಲುಹಲ್ಲು ಎಂದೇ ಎಲ್ಲರೂ ತಿಳಿಯುತ್ತಾರೆ. ಅಲ್ಲ, ಅದು ಸಾಯುವವರೆಗೂ ಇರಬೇಕಾದ ಹಲ್ಲು. ಬಿದ್ದುಹೋಗುತ್ತದಲ್ಲ ಎಂದು ಬಿಟ್ಟು, ಕೊನೆಗೆ ಕೀಳಿಸಲು ಬರುವವರು ನನ್ನ ಹತ್ತಿರ ವಾರಕ್ಕೆ ಇಬ್ಬರಾದರೂ ಇರುತ್ತಾರೆ.

ಬೇಡ ಎಂದವಳು (3:30)

ಇತ್ತು. ಎರಡಕ್ಕೆ ಫಿಲ್ಲಿಂಗ್ ಮಾಡಿಸಿದೆ. ಬೇರೆ ಕಡೆ, ಫೋನ್ ಮಾಡದವರ ಹತ್ತಿರ. ಫಾರಂ ವಿಚಾರದಲ್ಲಿ ನನ್ನ ಮಾತು ಬದಲಿಲ್ಲ.

ಬನಶಂಕರಿ ಅಮ್ಮ (ಶುಕ್ರವಾರ ಸಂಜೆ 5:50)

ಇವತ್ತು ಫಾರಂ ಕೊಟ್ಟು ಬಂದೆ. ವಿಟಮಿನ್ ಡಿ, ಥೈರಾಯ್ಡ್, ಪಾಲುದಾರರು, ಮೂರು ಸಾಲಿಗೂ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿದೆ. ಆಫೀಸಿನವರು "ಫಾರಂ ಮೇಲೆ ಹೀಗೆಲ್ಲ ಗೀಚಬಾರದು ಮೇಡಂ, ಹೊಸದು ಕೊಡುತ್ತೇನೆ" ಎಂದರು. ಹೊಸದರ ಮೇಲೂ ಇದನ್ನೇ ಗೀಚುತ್ತೇನೆ ಎಂದೆ. ಅಷ್ಟರಲ್ಲಿ ನನ್ನ ಹಿಂದೆ ನಿಂತಿದ್ದ ಇನ್ನೊಬ್ಬ ಅಮ್ಮ ಬಗ್ಗಿ ನೋಡಿ "ಹೀಗೂ ಮಾಡಬಹುದಾ?" ಎಂದು ಪೆನ್ ಕೇಳಿದರು.

ಹೆಡ್‌ಮಿಸ್ ಹೊರಗೆ ಬಂದರು. ಹೋದ ವರ್ಷದ ಚಪಾತಿ ಕಥೆ ಅವರಿಗೂ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ತೂಕ ಒಬ್ಬೊಬ್ಬರದನ್ನೇ ಮರೆಯಲ್ಲಿ ನೋಡಿಸುತ್ತೇವೆ, ಇಬ್ಬರು ತಾಯಂದಿರು ಬಂದು ಕೂತುಕೊಳ್ಳಿ ಎಂದರು. ಒಬ್ಬಳು ನಾನೇ. ಟೆಸ್ಟ್ ಬೇಡ ಎಂದಿದ್ದಕ್ಕೆ 500 ರೂಪಾಯಿ ಕಡಿಮೆ ಮಾಡಿದರು. ಅತ್ತೆಗೆ ಅದೇ ದೊಡ್ಡ ಖುಷಿ.

ಸರ್ಕಾರಿ ಶಾಲೆ ಮೇಡಂ (6:30)

ಮುಂದೆ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದಿರಾ?

ಬನಶಂಕರಿ ಅಮ್ಮ (6:34)

ಕೇಳಿದೆ ಮೇಡಂ. ಉತ್ತರ ಸಿಗಲಿಲ್ಲ. "ಪಾಲಕರ ಜವಾಬ್ದಾರಿ" ಎಂದರು.

ಸರ್ಕಾರಿ ಶಾಲೆ ಮೇಡಂ (6:36)

ಹೂಂ.

ಬನಶಂಕರಿ ಅಮ್ಮ (ಮುಂದಿನ ಗುರುವಾರ ರಾತ್ರಿ 8:20)

ಚೆಕಪ್ ಮುಗಿಯಿತು. ಕಣ್ಣು ಎರಡೂ 6/6. ಹಿಮೋಗ್ಲೋಬಿನ್ 11.2, ಗಡಿಗಿಂತ ಒಂಚೂರು ಕಡಿಮೆ, ಶನಿವಾರ ಲ್ಯಾಬಿಗೆ ಹೋಗುತ್ತೇವೆ. ದವಡೆಯಲ್ಲಿ ಒಂದು ಹುಳುಕು. ಡಾಕ್ಟರಮ್ಮ ಹೇಳಿದ ಅದೇ ಹಲ್ಲು, ನಾನೂ ಹಾಲುಹಲ್ಲೆಂದೇ ತಿಳಿದಿದ್ದೆ. ತೂಕವನ್ನು ಕಾರ್ಡಿನ ಒಳಪುಟದಲ್ಲಿ ಬರೆದು ಮಡಚಿ ಸ್ಟೇಪಲ್ ಹೊಡೆದು ಕೊಟ್ಟರು. ಹಳೇ ಕಾರ್ಡನ್ನು ಸೀರೆ ಕೆಳಗಿಂದ ತೆಗೆದು ಪಕ್ಕದಲ್ಲಿಟ್ಟು ನೋಡಿದೆ. ಒಂದು ವರ್ಷಕ್ಕೆ 6 ಸೆಂ.ಮೀ. ಬೆಳೆದಿದ್ದಾಳೆ.

ನಾನು ಕಣ್ಣಿನ ಚಾರ್ಟ್ ಪಕ್ಕದಲ್ಲಿ ಕೂತಿದ್ದೆ. ಒಬ್ಬ ಹುಡುಗ ಕಣ್ಣು ಮುಚ್ಚಿಕೊಂಡ ಕೈಬೆರಳಿನ ಸಂದಿಯಿಂದ ಓದುತ್ತಿದ್ದ. ಯಲಹಂಕದವರು ನೆನಪಾದರು. ಗಟ್ಟಿ ರಟ್ಟು ಕೊಟ್ಟು ಮತ್ತೆ ಓದಿಸಿ ಎಂದೆ. ಎರಡನೇ ಸಲ ನಾಲ್ಕನೇ ಸಾಲಿಗೇ ನಿಂತುಬಿಟ್ಟ. ಅವನ ಕಾರ್ಡ್ ಮೇಲೆ ಬರೆದುಕೊಟ್ಟಿದ್ದಾರೆ. ಅವರಮ್ಮನ ನಂಬರ್ ನನ್ನ ಹತ್ತಿರ ಇದೆ, ಭಾನುವಾರ ಫೋನ್ ಮಾಡುತ್ತೇನೆ.

ಯಲಹಂಕದ ಅಪ್ಪ (8:41)

ದಯವಿಟ್ಟು ಮಾಡಿ ಮೇಡಂ. ಭಾನುವಾರದವರೆಗೆ ಯಾಕೆ, ಇವತ್ತೇ ಮಾಡಿ.

ಕೆಂಗೇರಿ ಚಿಕ್ಕಮ್ಮ (8:50)

ತೂಕಕ್ಕೆ ಪರದೆ ಸಿಕ್ಕಿತಾ ಅಕ್ಕ?

ಬನಶಂಕರಿ ಅಮ್ಮ (9:04)

ಸಿಕ್ಕಿತು. ಸ್ಕೂಲ್ ಡೇ ನಾಟಕದ ಪರದೆ. ಅದರ ಮೇಲೆ ಮೈಸೂರು ಅರಮನೆ ಬರೆದಿದೆ. ಮಗಳು ಒಳಗೆ ಹೋಗಿ ತೂಕ ನೋಡಿಸಿಕೊಂಡು, ಅರಮನೆ ಬಾಗಿಲಿನಿಂದ ಮಹಾರಾಣಿಯಂತೆ ಕೈ ಬೀಸುತ್ತಾ ಹೊರಗೆ ಬಂದಳು. ಆಮೇಲೆ ಬಂದ ಮಕ್ಕಳೆಲ್ಲ ಹಾಗೇ ಮಾಡತೊಡಗಿದರು. ಸಾಲು ಮುಗಿಯಲು ಅರ್ಧ ಗಂಟೆ ಜಾಸ್ತಿ ಹಿಡಿಯಿತು.